ದೊಡ್ಡ ಮಿಷನ್ನು ನುಂಗಿದ ಅರ್ಧ ಗಂಟೆ

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನೆ ಚಹಾ ಕುಡಿಯುತ್ತೇನೆ. ವಾದ ಮಾಡುವ ವಯಸ್ಸು ಹೋಯಿತು. ಆದರೆ ನಿನ್ನೆ ಇಲ್ಲೇ, ಈ ಗುಂಪಿನಲ್ಲಿ ಒಬ್ಬರು, ಕ್ಯಾಮೆರಾದಲ್ಲಿ ಕಂಡ ಗಂಟೆ ನಿಮಿಷವನ್ನು ಹಿಡಿದುಕೊಂಡು ತಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ನನ್ನು ಕಳ್ಳ ಎಂದು ಬರೆದರು. ಕೆಳಗೆ ಎಲ್ಲರೂ ಹೌದು ಹೌದು ಎಂದರು. ಅದನ್ನು ಓದಿದ ಮೇಲೆ ಇದನ್ನು ಬರೆಯದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಉದ್ದವಿದೆ, ಪುರುಸೊತ್ತು ಇದ್ದವರು ಓದಿ.

ಗಡಿಯಾಚೆ ಆಂಧ್ರದ ರಾಯದುರ್ಗದಲ್ಲಿ ಓಣಿಗೊಂದು ಜೀನ್ಸ್ ಹೊಲಿಯುವ ಶೆಡ್ಡು ಇದ್ದ ಕಾಲ. ನಮ್ಮ ಕಂಪನಿಯ ಆಫೀಸು ಅಲ್ಲಿ. ಹೊಲಿಗೆಯ ಒಂದು ಘಟಕ ಅಲ್ಲೇ ಹಿಂದುಗಡೆ, ಇನ್ನೊಂದು ಮಡಕಶಿರದಲ್ಲಿ. ಆ ಸುತ್ತಿನ ಹೆಂಗಸರು ಬೆಂಗಳೂರಿನ ಗಾರ್ಮೆಂಟ್ಸಿಗೆಂದು ಬಸ್ಸು ತುಂಬಿ ಹೋಗುತ್ತಿದ್ದುದನ್ನು ನೋಡಿ ನಮ್ಮ ಸಾಹುಕಾರರು ಅವರ ಊರಿನ ಪಕ್ಕಕ್ಕೇ ಶೆಡ್ಡು ಒಯ್ದಿದ್ದರು. ವ್ಯಾಪಾರದ ಲೆಕ್ಕವೇ ಸರಿ, ಆದರೆ ಅದರಿಂದ ಎಷ್ಟೋ ಮಂದಿ ವಾಪಸು ಬಂದು ಮನೆಯಲ್ಲೇ ಮಲಗುವಂತಾಗಿತ್ತು.

ಆಫೀಸಿನ ಮಹಡಿಯಲ್ಲಿ ಎರಡು ಬೀರುವಿನಷ್ಟು ಅಗಲದ ಮೇನ್‌ಫ್ರೇಮ್ ಕಂಪ್ಯೂಟರ್ ಇತ್ತು. ಜೀನ್ಸ್ ಹೊಲಿಯುವವರಿಗೆ ಅದು ಯಾಕೆ ಎಂದು ಕೇಳಬೇಡಿ. ಎಲ್ಲೋ ಒಂದು ಬಟ್ಟೆ ಗಿರಣಿ ಮುಚ್ಚಿದಾಗ ಸಾಹುಕಾರರು ಹರಾಜಿನಲ್ಲಿ ಮಗ್ಗದ ಜೊತೆ ಅದನ್ನೂ ಎತ್ತಿಕೊಂಡು ಬಂದಿದ್ದರು. ಎಲ್ಲರೂ ಅದನ್ನು ದೊಡ್ಡ ಮಿಷನ್ನು ಎನ್ನುತ್ತಿದ್ದರು. ಎರಡೂ ಘಟಕಗಳ ಸರಕು ಎಲ್ಲಿದೆ, ಯಾವ ಹಂತದಲ್ಲಿದೆ ಎಂಬುದೆಲ್ಲ ಅದರೊಳಗೆ. ಮಡಕಶಿರದಲ್ಲಿ ಕೀಲಿ ಒತ್ತಿದರೆ ಟೆಲಿಫೋನ್ ತಂತಿಯ ಮೇಲೆ ಇಲ್ಲಿಗೆ ಬಂದು ದಾಖಲಾಗುತ್ತಿತ್ತು. ಅದಕ್ಕೆ ವಯಸ್ಸಾಗಿತ್ತು. ಅದರ ಲಾಗ್‌ಗಳನ್ನು, ಅಂದರೆ ತಾನು ಮಾಡಿದ ಪ್ರತಿ ಕೆಲಸಕ್ಕೂ ದಿನ ಮತ್ತು ವೇಳೆ ಹಚ್ಚಿ ಅದು ಬರೆದಿಟ್ಟ ದಾಖಲೆಗಳನ್ನು, ಹೊಸ ಸರ್ವರ್‌ಗೆ ಸಾಗಿಸುವುದು ನನ್ನ ಕೆಲಸ.

ಸಾಗಿಸುವುದೆಂದರೆ ಪೆಟ್ಟಿಗೆ ಎತ್ತಿ ಇಟ್ಟ ಹಾಗಲ್ಲ. ಆ ಲಾಗ್‌ಗಳಲ್ಲಿ ವೇಳೆಯನ್ನು ಒಂದೊಂದು ಪ್ರೋಗ್ರಾಂ ಒಂದೊಂದು ರೀತಿ ಬರೆದಿತ್ತು. ಸರಕು ಬಿಡುಗಡೆ ಮಾಡುವ ಪ್ರೋಗ್ರಾಂ ನಡುರಾತ್ರಿಯಿಂದ ಎಷ್ಟು ಸೆಕೆಂಡು ಕಳೆದಿದೆ ಎಂದು, ಅದೂ ಸೆಕೆಂಡನ್ನು ನೂರು ಚೂರು ಮಾಡಿ, ಎಣಿಸುತ್ತಿತ್ತು. ಬೆಳಿಗ್ಗೆ ಹತ್ತು ಐವತ್ತು ಎನ್ನಲು ಅದು ಮೂವತ್ತೊಂಬತ್ತು ಲಕ್ಷ ಎಂದು ಬರೆಯುತ್ತಿತ್ತು. ಟೆಲಿಫೋನ್ ತಂತಿಯನ್ನು ನೋಡಿಕೊಳ್ಳುವ ಪ್ರೋಗ್ರಾಂ ಬೇರೆಯವರು ಬರೆದದ್ದು. ಅದು ಮಿಷನ್ನಿನ ಒಳಗಿನ ಬ್ಯಾಟರಿ ಗಡಿಯಾರವನ್ನು ನೋಡಿ, ಕಳೆದ ಶತಮಾನದ ಮೊದಲ ದಿನದಿಂದ ಲೆಕ್ಕ ಹಾಕಿ, ಒಂದು ಉದ್ದನೆಯ ಸಂಖ್ಯೆ ಹಾಕುತ್ತಿತ್ತು. ಇವುಗಳನ್ನೆಲ್ಲ ಬಿಡಿಸಿ ಒಂದೇ ರೂಪಕ್ಕೆ ತರಬೇಕಿತ್ತು. ಬೇಸರದ ಕೆಲಸ. ನನಗೆ ಇಷ್ಟವಿತ್ತು.

ಆಗ ಬಂತು ದೂರು. ಹೊರದೇಶದ ಖರೀದಿದಾರರ ಗೋದಾಮಿನಲ್ಲಿ, ನಾವು ಕಳಿಸಿದ ಮಕ್ಕಳ ಜೀನ್ಸೊಂದರ ಸೊಂಟಪಟ್ಟಿಯೊಳಗೆ ಮುರಿದ ಸೂಜಿಯ ಮೊನೆ ಸಿಕ್ಕಿತ್ತು. ಪುಣ್ಯಕ್ಕೆ ಯಾವ ಮಗುವಿನ ಮೈಗೂ ತಾಗುವ ಮೊದಲೇ ಸಿಕ್ಕಿತು. ಗಾರ್ಮೆಂಟ್ಸಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಹೊಲಿದ ಪ್ರತಿ ಬಟ್ಟೆಯೂ ಸೂಜಿ ಹಿಡಿಯುವ ಯಂತ್ರದ ಬೆಲ್ಟಿನ ಮೇಲೆ ಹಾದು ಹೋಗಬೇಕು. ಒಂದು ಲಾಟು, ಅಂದರೆ ಒಟ್ಟಿಗೆ ಹೊಲಿದ ಒಂದು ಕಂತು ಬಟ್ಟೆ, ಪೂರ್ತಿ ಹಾದ ಮೇಲೆ ಅಲ್ಲಿನವನು ಪಾಸ್ ಎಂದು ಒತ್ತುತ್ತಾನೆ. ಆಮೇಲೆ ಡಿಸ್ಪ್ಯಾಚಿನ ಮೇಜಿನವರು ಬಿಡುಗಡೆ ಎಂದು ಒತ್ತಬೇಕು, ಆಮೇಲೆ ಲಾರಿ. ಪಾಸ್ ಆಗದೆ ಬಿಡುಗಡೆ ಆಗದಂತೆ ಪ್ರೋಗ್ರಾಮೇ ತಡೆಯಬಾರದೇ ಎಂದು ನೀವು ಕೇಳುತ್ತೀರಿ. ತಡೆಯಬೇಕಿತ್ತು. ತಂತಿ ಪದೇ ಪದೇ ಕಡಿದು ಲಾರಿಗಳು ನಿಲ್ಲುತ್ತವೆ ಎಂದು ಆ ತಡೆಯನ್ನು ಯಾರೋ ಯಾವತ್ತೋ ತೆಗೆಸಿದ್ದರು.

ಆ ಲಾಟು ಮಡಕಶಿರದ್ದು. ಬಿಡುಗಡೆ ಒತ್ತಿದವಳು ಗುಡಿಬಂಡೆ ಕಡೆಯ ಒಬ್ಬ ಹೆಂಗಸು. ಬೆಂಗಳೂರಿನಲ್ಲಿ ಹೊಲಿಗೆ ಮಾಡಿ, ಮಡಕಶಿರದ ಶೆಡ್ಡು ತೆರೆದಾಗ ವಾಪಸು ಬಂದು, ಟೈಪಿಂಗ್ ಕಲಿತು ಡಿಸ್ಪ್ಯಾಚಿಗೆ ಏರಿದವಳು. ಸೂಜಿ ಚೆಕ್ ಆಗುವ ಮೊದಲೇ ಅವಳು ಬಿಡುಗಡೆ ಒತ್ತಿದಳು ಎಂದು ನಮ್ಮ ಮ್ಯಾನೇಜರಿಗೆ ಅನುಮಾನ. ಆ ದಿನದ ಲಾಗ್ ತೆಗೆದುಕೊಡಲು ನನಗೆ ಹೇಳಿದರು.

ತೆಗೆದುಕೊಟ್ಟೆ. ಪಾಸ್ ಆಗಿದ್ದು ಬೆಳಗಿನ ಐದು ಮೂವತ್ತೈದಕ್ಕೆ, ಬಿಡುಗಡೆ ಹತ್ತು ಐವತ್ತಕ್ಕೆ. ಮ್ಯಾನೇಜರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದರು.

"ಮೇಡಮ್ಮಾರ, ಏಳಕ್ಕ ಬೀಗ ತೆಗಿಯೋ ಫ್ಯಾಕ್ಟ್ರಿ. ಐದೂವರಿಗೆ ಸೂಜಿ ಚೆಕ್ ಮಾಡಾಕ ದೆವ್ವ ಬಂದಿತ್ತೇನ್ರಿ?"

ಎರಡೂ ಘಟಕದ ಪಾಸ್ ದಾಖಲೆಗೆ ವೇಳೆ ಹಚ್ಚುತ್ತಿದ್ದುದು ತಂತಿಯ ಪ್ರೋಗ್ರಾಂ. ಅದರ ಆ ಉದ್ದನೆಯ ಸಂಖ್ಯೆ ನಮ್ಮ ದೇಶದ ವೇಳೆಯಲ್ಲ, ಲಂಡನ್ನಿನ ವೇಳೆ ಎಂಬುದು ನನಗೆ ಆಗ ಹೊಳೆಯಿತು. ಐದೂವರೆ ಗಂಟೆ ಕೂಡಿಸಬೇಕು. ಕೂಡಿಸಿದೆ. ದೆವ್ವ ಹೋಯಿತು ಎಂದು ಖುಷಿಯಿಂದ ಎರಡನೇ ಹಾಳೆ ತೆಗೆದೆ. ಪಾಸ್ ಹನ್ನೊಂದು ಐದಕ್ಕೆ. ಬಿಡುಗಡೆ ಹತ್ತು ಐವತ್ತಕ್ಕೆ.

ಹಾಳೆಯನ್ನು ಪ್ರಿಂಟರಿನಿಂದ ಹರಿದು ಇನ್ನೊಮ್ಮೆ ಓದಿದೆ. ತಪ್ಪು ಲೆಕ್ಕದಲ್ಲಿ ಅವಳು ನಿರಪರಾಧಿಯಾಗಿದ್ದಳು. ನನ್ನ ಸರಿಯಾದ ಲೆಕ್ಕ ಅವಳನ್ನು ಹಿಡಿದುಕೊಟ್ಟಿತು.

"ಆತಲ್ರಿ ಮತ್ತ," ಎಂದರು ಮ್ಯಾನೇಜರು. "ಕಾಲು ತಾಸು ಮೊದ್ಲ ಒತ್ಯಾಳ. ಲಾರಿ ಡ್ರೈವರು ಗದ್ದಲ ಮಾಡಿರ್ತಾನ, ಒತ್ತಿಬಿಟ್ಟಾಳ. ನೀವೊಂದು ಸಹಿ ಹಾಕ್ರಿ, ಸಾಹುಕಾರ್ರ ಮುಂದ ಇಡ್ತೀನಿ. ಶುಕ್ರವಾರ ಖರೀದಿದಾರ್ರ ಕಡಿಯವ್ರು ಬರ್ತಾರ, ಅಷ್ಟ್ರಾಗ ಮುಗೀಬೇಕು."

ಸಹಿ ನಾಳೆ ಹಾಕುತ್ತೇನೆ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಮಧ್ಯಾಹ್ನ ಅವಳದೇ ಫೋನು ಬಂತು. ಯಾರು ಸುದ್ದಿ ಮುಟ್ಟಿಸಿದರೋ.

"ಅಕ್ಕಾ, ಮಿಷನ್ನಾಗೆ ನಾನು ಮೊದ್ಲೇ ಒತ್ತಿದೀನಿ ಅಂತ ಐತಂತೆ, ದಿಟವಾ?"

"ಹಂಗ ಕಾಣ್ತದವಾ," ಎಂದೆ. ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಅವಳು ಅಳಲಿಲ್ಲ. ಹೇಳಿದಳು: "ಸೂಜಿ ಟೇಬಲ್ಲಿನ ಅಣ್ಣ ಕೈಯೆತ್ತಿ ತೋರ್ಸಿದ ಮ್ಯಾಲೇ ಕಣಕ್ಕ ನಾನು ಒತ್ತಿದ್ದು. ಆವಣ್ಣನ್ನ ಕೇಳಿದ್ರೆ ದಿನಕ್ಕೆ ಹತ್ತಾರು ಲಾಟು, ಯಾವುದು ಅಂತ ಮಡಿಕ್ಕಳ್ಳಿ ತಲೇಲಿ ಅಂತಾನೆ. ಕೆಲ್ಸ ಹೋದ್ರೆ ಹೋಗ್ಲಿ, ಮತ್ತೆ ಬೆಂಗಳೂರು ಬಸ್ಸು ಹತ್ತುತೀನಿ. ಯಾರದೋ ಮಗಿನ ಚಡ್ಡಿನಾಗೆ ಸೂಜಿ ಬಿಟ್ಟೋಳು ಅಂತಾರಲ್ಲ, ಅದನ್ನ ಹೊತ್ಕಂಡು ಯಂಗಕ್ಕ ತಿರುಗ್ಲಿ? ನಂಗೂ ಮಗಳು ಅವ್ಳೆ."

ಫೋನ್ ಇಟ್ಟ ಮೇಲೆ ನಾನು ನನ್ನ ಲೆಕ್ಕದ ಮೇಲೇ ಅನುಮಾನ ಪಡಲು ಶುರು ಮಾಡಿದೆ. ಸಂಖ್ಯೆ ಬಿಡಿಸುವ ಪ್ರೋಗ್ರಾಮನ್ನು ಮತ್ತೆ ಬರೆದೆ. ಉತ್ತರ ಅದೇ. ತಂತಿಯ ಮೇಲೆ ಬರುವಾಗ ತಡವಾಯಿತೇ? ಆದರೂ ಸೆಕೆಂಡುಗಳ ಮಾತು. ಒಳಗಿನ ಬ್ಯಾಟರಿ ಗಡಿಯಾರ ಮುಂದೆ ಓಡುತ್ತಿದೆಯೇ? ಕೈಗಡಿಯಾರ ಇಟ್ಟುಕೊಂಡು ಪರೀಕ್ಷಿಸಿದೆ. ಎರಡೂ ಕೈ ಹಿಡಿದು ನಡೆದ ಹಾಗಿದ್ದವು.

ಆಮೇಲೆ ಆ ದಿನದ ಬೇರೆ ಲಾಟುಗಳನ್ನು ತೆಗೆದೆ. ಅವುಗಳಲ್ಲೂ ಕೆಲವು ಚೆಕ್ ಆಗುವ ಮೊದಲೇ ಬಿಡುಗಡೆಯಾಗಿದ್ದವು. ರಾಯದುರ್ಗದ ಡಿಸ್ಪ್ಯಾಚಿನವೂ. ಹಾಗಾದರೆ ಆ ಒಂದು ದಿನ ಎರಡು ಊರಿನವರಿಗೂ ಒಟ್ಟಿಗೆ ಬುದ್ಧಿ ಕೆಟ್ಟಿತ್ತೇ? ಹಿಂದಿನ ತಿಂಗಳುಗಳನ್ನು ತೆಗೆದೆ. ಹೆಚ್ಚಿನ ದಿನ ಎಲ್ಲ ಸರಿ, ಐದೂವರೆ ಗಂಟೆ ಕೂಡಿಸಿದರೆ ದಾಖಲೆಗಳು ಸಾಲಾಗಿ ಕೂರುತ್ತಿದ್ದವು. ನಡುನಡುವೆ ಒಂದೊಂದು ದಿನ ಮಾತ್ರ ಎಲ್ಲ ಅಸ್ತವ್ಯಸ್ತ. ಅದೂ ಬೆಳಿಗ್ಗೆ ಚೆನ್ನಾಗಿದ್ದು ನಡುವೆ ಎಲ್ಲೋ ಕೆಟ್ಟು, ಮರುದಿನ ತಾನಾಗಿ ಸರಿಹೋಗುವುದು. ಒಂದು ದಿನ ವ್ಯತ್ಯಾಸ ಕಾಲು ಗಂಟೆ, ಇನ್ನೊಂದು ದಿನ ಗಂಟೆಯ ಮೇಲೆ. ಕೆಟ್ಟ ಗಡಿಯಾರವಾದರೆ ಒಂದೇ ಕಡೆಗೆ ಜಾರುತ್ತಾ ಹೋಗುತ್ತದೆ. ಇದು ಆಡಿನ ಹಾಗೆ ನೆಗೆಯುತ್ತಿತ್ತು. ಆ ದಿನಗಳಿಗೆಲ್ಲ ಸಮನಾಗಿದ್ದದ್ದು ಒಂದೇ: ನಡುವೆ ಕರೆಂಟು ಹೋಗಿ ಮಿಷನ್ನು ನಿಂತು ಮತ್ತೆ ಶುರುವಾಗಿತ್ತು. ಆದರೆ ಕರೆಂಟು ಹೋಗಿಯೂ ಸರಿಯಾಗಿದ್ದ ದಿನಗಳು ಎಷ್ಟೋ ಇದ್ದವು. ಅಲ್ಲಿಗೆ ಬುದ್ಧಿ ಓಡಲಿಲ್ಲ.

ಬುಧವಾರ ಮ್ಯಾನೇಜರು ಹಾಳೆ ಹಿಡಿದು ಬಂದರು.

"ಸಹಿ ಹಾಕಲ್ರಿ," ಎಂದೆ. "ಈ ಲಾಗಿನ್ಯಾಗ ಏನೋ ಐಬು ಅದ. ಏನಂತ ತಿಳೀವಲ್ದು. ತಿಳಿಯೋತನಕ ಹಾಕಲ್ಲ."

"ಕಂಪ್ಯೂಟರಿಗೂ ಐಬ ಇರ್ತದೇನ್ರಿ? ನೀವು ಹಾಕದಿದ್ರ ನಾ ಹಾಕ್ತೀನಿ, ಅಷ್ಟ."

ಅವರು ಕೆಳಗಿಳಿದು ಸ್ವಲ್ಪ ಹೊತ್ತಿಗೆ, ಸುಮಾರು ಹನ್ನೆರಡೂವರೆಗೆ, ಕರೆಂಟು ಹೋಯಿತು. ಜನರೇಟರ್ ಶುರುವಾಯಿತಾದರೂ ದೊಡ್ಡ ಮಿಷನ್ನು ಎಂದಿನಂತೆ ನಿಂತೇ ಹೋಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಆಪರೇಟರು, ಗಿರಣಿಯಿಂದ ಮಿಷನ್ನು ಬಂದಾಗಿನಿಂದ ಅದರ ಪಕ್ಕದಲ್ಲೇ ಕೂತವರು, ತಿನ್ನುತ್ತಿದ್ದ ಮಂಡಕ್ಕಿ ಪಕ್ಕಕ್ಕಿಟ್ಟು ಎದ್ದರು. ಅವರು ಮಿಷನ್ನು ಶುರು ಮಾಡುವುದನ್ನು ನಾನು ಅಲ್ಲಿಯವರೆಗೆ ಕೂತು ನೋಡಿರಲಿಲ್ಲ. ಅವತ್ತು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತೆ.

ಆ ಕಾಲದ ಮಿಷನ್ನು ಶುರುವಾಗುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಕೇಳುತ್ತದೆ. ಈಗ ಇಲ್ಲಿನ ವೇಳೆ ಇಷ್ಟು, ಸರಿಯೇ, ಬದಲಿಸುತ್ತೀಯಾ ಎಂದು. ಸರಿ ಎಂದರೆ ಮುಂದೆ ಹೋಗುತ್ತದೆ. ಆಪರೇಟರು ಸರಿ ಎನ್ನಲಿಲ್ಲ. ತಲೆಯೆತ್ತಿ ಗೋಡೆಯ ಕ್ಯಾಲೆಂಡರಿನ ಕೆಳಗಿದ್ದ ಸಣ್ಣ ಅಕ್ಷರಗಳನ್ನು ನೋಡಿದರು. ಆಮೇಲೆ ಹನ್ನೊಂದು ಐವತ್ತೈದು ಎಂದು ಒತ್ತಿದರು.

ನಾನು ನನ್ನ ಗಡಿಯಾರ ನೋಡಿಕೊಂಡೆ. ಹನ್ನೆರಡು ಮುಕ್ಕಾಲು.

"ಕಾಕಾ, ಏನ್ ಒತ್ತಿದ್ರಿ ಈಗ?"

"ಟೈಮ್ ಕೇಳ್ತದಲ್ಲವಾ, ಟೈಮ್ ಕೊಟ್ಟೆ."

"ಈಗ ಪೌಣೆ ಒಂದು. ನೀವು ಹನ್ನೆರ್ಡು ಆಗಿಲ್ಲ ಅಂತ ಕೊಟ್ರಿ."

"ಬುಧವಾರ ಹನ್ನೆರ್ಡರಿಂದ ಒಂದೂವರಿತನ ರಾಹುಕಾಲವಾ," ಎಂದರು, ಸಣ್ಣ ಮಗುವಿಗೆ ಹೇಳುವ ಹಾಗೆ. "ರಾಹುಕಾಲದಾಗ ಮಿಷನ್ ಶುರು ಆತು ಅಂದ್ರ ಸಾಹುಕಾರ್ರು ನನ್ನ ಬಿಡ್ತಾರೇನು?"

ಆಮೇಲೆ ವಿಷಯ ಒಂದೊಂದಾಗಿ ಹೊರಬಂತು. ಮಿಷನ್ನು ಶುರುವಾದ ಕೂಡಲೇ ಪ್ರಿಂಟರಿನಿಂದ ಒಂದು ಹಾಳೆ ಬರುತ್ತದೆ, ಅದರ ತಲೆಯ ಮೇಲೆ ಶುರುವಾದ ವೇಳೆ. ಸಾಹುಕಾರರಿಗೆ ಆ ಹಾಳೆ ಅಂಗಡಿಯ ಬೋಣಿಗೆ ಇದ್ದ ಹಾಗೆ. ತರಿಸಿಕೊಂಡು, ಕಣ್ಣಿಗೆ ಒತ್ತಿಕೊಂಡು, ದೇವರ ಪಟದ ಮುಂದೆ ಇಡುತ್ತಿದ್ದರು. ಮೊದಮೊದಲು ಒಮ್ಮೆ ಹಾಳೆಯ ಮೇಲೆ ರಾಹುಕಾಲದ ವೇಳೆ ಕಂಡು ಆಪರೇಟರನ್ನು ಎಲ್ಲರೆದುರು ಬೈದಿದ್ದರಂತೆ. ರಾಹುಕಾಲ ಮುಗಿಯುವವರೆಗೆ ಕಾಯೋಣವೆಂದರೆ ಎರಡೂ ಘಟಕ ನಿಲ್ಲುತ್ತವೆ, ಮ್ಯಾನೇಜರು ಬೈಯುತ್ತಾರೆ. ಇಬ್ಬರ ನಡುವೆ ಸಿಕ್ಕಿದ ಕಾಕಾ ತಮ್ಮದೇ ದಾರಿ ಹುಡುಕಿಕೊಂಡಿದ್ದರು. ಮಿಷನ್ನು ಕೂಡಲೇ ಶುರು, ವೇಳೆ ಮಾತ್ರ ರಾಹುಕಾಲಕ್ಕಿಂತ ಸ್ವಲ್ಪ ಮುಂಚಿನದು. ಸಂಜೆ ಮಿಷನ್ನು ಮುಚ್ಚುವಾಗ ಮತ್ತೆ ಸರಿಮಾಡಿ ಇಡುವುದು.

"ಯಾರಿಗೂ ತ್ರಾಸಿಲ್ಲ ನೋಡವಾ," ಎಂದರು. "ಸಾಹುಕಾರ್ರು ಖುಷಿ, ಮ್ಯಾನೇಜರ್ ಖುಷಿ, ರಾಹುಗೂ ಏನೂ ಗೊತ್ತಾಗಂಗಿಲ್ಲ."

ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಸೂಜಿಯ ಲಾಟಿನ ದಿನ ಯಾವುದೆಂದು ನೆನಪಾಗಿ ಎದ್ದು ಓಡಿದೆ. ಶುಕ್ರವಾರ. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು.

ಕಾಕಾ ಒತ್ತಿದ ವೇಳೆ ಒಳಗಿನ ಬ್ಯಾಟರಿ ಗಡಿಯಾರಕ್ಕೆ ತಾಗುವುದಿಲ್ಲ. ಅದು ತನ್ನ ಪಾಡಿಗೆ ಲಂಡನ್ನಿನ ವೇಳೆ ಎಣಿಸುತ್ತಿರುತ್ತದೆ. ಬದಲಾಗುವುದು ಇಲ್ಲಿನ ವೇಳೆ ಮಾತ್ರ. ಬಿಡುಗಡೆಯ ಪ್ರೋಗ್ರಾಂ ನೋಡುವುದು ಇಲ್ಲಿನ ವೇಳೆಯನ್ನು, ತಂತಿಯ ಪ್ರೋಗ್ರಾಂ ನೋಡುವುದು ಒಳಗಿನದನ್ನು. ಇನ್ನೊಂದು ಸಂಗತಿ ನನಗೆ ಮೊದಲೇ ಹೊಳೆಯಬೇಕಿತ್ತು. ಮಿಷನ್ನು ಶುರುವಾದಾಗ ಲಾಗಿನಲ್ಲಿ ತಾನೇ ಒಂದು ದಾಖಲೆ ಬರೆಯುತ್ತದೆ, ಅದರಲ್ಲಿ ಎರಡೂ ವೇಳೆ ಪಕ್ಕಪಕ್ಕ ಇರುತ್ತವೆ. ಬೇರೆ ದಿನಗಳಲ್ಲಿ ಅವೆರಡರ ನಡುವೆ ಐದೂವರೆ ಗಂಟೆ. ಆ ಶುಕ್ರವಾರದ ದಾಖಲೆ ತೆಗೆದು ನೋಡಿದೆ. ಐದು ಗಂಟೆ.

ಅರ್ಧ ಗಂಟೆ ಇಲ್ಲಿ ಹೋಗಿತ್ತು. ನಿಜವಾಗಿ ಮಿಷನ್ನು ಶುರುವಾದದ್ದು ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ಕಾಕಾ ಕೊಟ್ಟದ್ದು ಹತ್ತು ಇಪ್ಪತ್ತೈದು. ಹತ್ತು ಐವತ್ತು ಎಂದು ಬರೆದಿದ್ದ ಬಿಡುಗಡೆಗೆ ಆ ಅರ್ಧ ಗಂಟೆ ಕೂಡಿಸಿದರೆ ಹನ್ನೊಂದು ಇಪ್ಪತ್ತು. ಸೂಜಿ ಪಾಸಾದದ್ದು ಹನ್ನೊಂದು ಐದಕ್ಕೆ. ಅವಳು ಕಾಲು ಗಂಟೆ ಕಾದೇ ಒತ್ತಿದ್ದಳು.

ಆದರೆ ಕೆಲಸ ಮುಗಿದಿರಲಿಲ್ಲ. ಇದನ್ನು ಸಾಹುಕಾರರ ಮುಂದೆ ಇಟ್ಟರೆ ಕಾಕಾ ಸಿಕ್ಕಿಬೀಳುತ್ತಾರೆ. ಇಡದಿದ್ದರೆ ಅವಳು ಹೋಗುತ್ತಾಳೆ. ಕಾಕಾನ ಹೆಸರು ಎತ್ತದೆ, ಮಿಷನ್ನಿನ ದೋಷ ಎಂದು ಹೇಳಿ ತೇಲಿಸಬಹುದಿತ್ತು. ಯೋಚಿಸಿ ಬಿಟ್ಟೆ. ಲಾಗ್ ಸರಿಮಾಡಲು ಕೂತವಳು ಅದರ ಮೇಲೆ ಇನ್ನೊಂದು ಸುಳ್ಳು ಬರೆದು ಎದ್ದರೆ ಏನು ಬಂತು? ವಾಪಸು ಹೋಗಿ ಅವರ ಎದುರು ಕೂತೆ.

"ಕಾಕಾ, ನಾಳೆ ಇದನ್ನ ಹೇಳಾಕ ಬೇಕು. ಇಲ್ಲಾಂದ್ರ ಮಡಕಶಿರದಾಕಿ ಮನಿಗಿ ಹೋಗ್ತಾಳ. ನಾ ಹೇಳ್ಲೋ, ನೀವು ಹೇಳ್ತೀರೋ?"

ಮಂಡಕ್ಕಿಯ ಪೊಟ್ಟಣ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. "ಆ ಹುಡುಗಿಗೆ ಇದ್ರಿಂದ ಅಂತ ನನಗೇನ್ ಗೊತ್ತವಾ," ಎಂದರು. ಪೊಟ್ಟಣ ಕೆಳಗಿಟ್ಟು, "ನಾ ಹೇಳ್ತೀನಿ. ನೀ ಬಾಜೂಕ ನಿಂದ್ರು. ನಾ ನಡುವ ಸುಮ್ನಾದ್ರ ದೂಡು."

ಗುರುವಾರ ಬೆಳಿಗ್ಗೆ ಸಾಹುಕಾರರು ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತಿದ್ದರು. ಮ್ಯಾನೇಜರು ತಮ್ಮ ಹಾಳೆಯೊಂದಿಗೆ ಪಕ್ಕದಲ್ಲಿ. ಕಾಕಾ ನಡುವೆ ಎಲ್ಲೂ ಸುಮ್ಮನಾಗಲಿಲ್ಲ. ಬೈಸಿಕೊಂಡ ದಿನದಿಂದ ಹಿಡಿದು ನಿನ್ನೆಯ ಹನ್ನೊಂದು ಐವತ್ತೈದರ ತನಕ ಎಲ್ಲ ಒಪ್ಪಿಸಿದರು. ಶುರುವಿನ ದಾಖಲೆಯ ಎರಡು ವೇಳೆಗಳನ್ನು ನಾನು ತೋರಿಸಿದೆ. ಮ್ಯಾನೇಜರು ತಮ್ಮ ಹಾಳೆಯನ್ನು ನಿಧಾನಕ್ಕೆ ಮಡಚಿದರು.

ಸಾಹುಕಾರರು ಆ ಎರಡು ವೇಳೆಗಳ ಮೇಲೆ ಬೆರಳಿಟ್ಟು ನೋಡಿದರು. ಕೊನೆಗೆ ಕೇಳಿದರು: "ಅಂದ್ರ ಇಷ್ಟು ವರ್ಷ ಮಿಷನ್ನು ರಾಹುಕಾಲದಾಗ ಶುರು ಆಗೇ ಅದ."

"ಹೌದ್ರಿ."

"ಆ ಹಾಳಿ ನಾ ಕಣ್ಣಿಗೆ ಒತ್ಕೊಂಡೀನಿ."

"ಹೌದ್ರಿ. ದಿನಾ ಒತ್ಕೊಂಡೀರಿ."

"ಏನೂ ಆಗಿಲ್ಲಲ್ಲ?"

ಕಾಕಾ ನನ್ನ ಕಡೆ ನೋಡಿದರು. ನಾನು ದೂಡಲಿಲ್ಲ. "ನಿಮಗೇನೂ ಆಗಿಲ್ರಿ," ಎಂದರು. "ಆ ಮಡಕಶಿರದ ಹುಡುಗಿಗಿ ಆಗೋದಿತ್ತು."

ಸಾಹುಕಾರರ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾಯುತ್ತಿದ್ದೆ. ಬಂದದ್ದು ಮುಜುಗರ. ಮ್ಯಾನೇಜರ ಕಡೆ ತಿರುಗಿ, "ಆಕಿ ಹೆಸರು ಎಲ್ಲೂ ಬರಬಾರ್ದು. ಸೂಜಿ ಯಂತ್ರ ಚೆಕ್ ಮಾಡಸ್ರಿ ಮೊದ್ಲ," ಎಂದರು. ಆಮೇಲೆ ಕಾಕಾಗೆ: "ಇನ್ಮ್ಯಾಲೆ ಖರೇ ಟೈಮ್ ಒತ್ತು. ಆ ಹಾಳಿ ಮಾತ್ರ ನನಗ ತರಬ್ಯಾಡ. ನಾ ನೋಡೋದ ಬ್ಯಾಡ."

ಅದೇ ತೀರ್ಪು. ಹೊರಗೆ ಬಂದ ಮೇಲೆ ಕಾಕಾ ಮೆಟ್ಟಿಲ ಮೇಲೆ ಕೂತು ಉಳಿದ ಮಂಡಕ್ಕಿ ತಿಂದರು. ನಾನು ಫೋನಿಗೆ ಹೋದೆ.

"ನೀನು ಪಾಸಾದ ಮ್ಯಾಲೇ ಒತ್ತಿದ್ದವಾ," ಎಂದೆ. "ಮಿಷನ್ನೇ ತಪ್ಪು ಹೇಳಿತ್ತು."

ಆ ಕಡೆ ಹೊಲಿಗೆ ಮಿಷನ್ನುಗಳ ಸದ್ದಿನ ನಡುವೆ ಅವಳು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ, "ಅದು ನಂಗೆ ಗೊತ್ತಿತ್ತಲ್ಲಕ್ಕ," ಎಂದಳು. ಅಷ್ಟು ಹೇಳಿ ಅತ್ತಳು.

ಸೂಜಿ ಹಿಡಿಯುವ ಯಂತ್ರವನ್ನು ಪರೀಕ್ಷೆಯ ತುಣುಕು ಇಟ್ಟು ನೋಡಿದಾಗ ಬೆಲ್ಟಿನ ಒಂದು ಅಂಚಿನಲ್ಲಿ ಅದಕ್ಕೆ ಏನೂ ಕಾಣಿಸುತ್ತಿರಲಿಲ್ಲ. ರಿಪೇರಿಯಾಯಿತು. ಪಾಸ್ ಇಲ್ಲದೆ ಬಿಡುಗಡೆ ಆಗದ ತಡೆಯನ್ನು ನಾನು ಮತ್ತೆ ಹಾಕಿದೆ. ಹಳೆಯ ಲಾಗ್‌ಗಳನ್ನು ಸಾಗಿಸುವಾಗ, ಪ್ರತಿ ಶುರುವಿನ ದಾಖಲೆಯಲ್ಲಿ ಎರಡು ವೇಳೆಗಳ ನಡುವೆ ಎಷ್ಟಿದೆ ಎಂದು ನೋಡಿ, ಮುಂದಿನ ಶುರುವಿನ ತನಕ ಅಷ್ಟನ್ನೇ ಕೂಡಿಸಿ ಕಳೆದು ಸರಿಮಾಡಿದೆ. ಕಾಕಾ ರಾಹುವಿನಿಂದ ಬಚ್ಚಿಟ್ಟ ಗಂಟೆಗಳೆಲ್ಲ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು.

ಮಡಕಶಿರದ ಟರ್ಮಿನಲ್ಲಿಗೆ ಹೊಸ ಪ್ರೋಗ್ರಾಂ ಹಾಕಲು ಕಲ್ಯಾಣದುರ್ಗ, ಪಾವಗಡ ಸುತ್ತಿಕೊಂಡು ಬಸ್ಸಿನಲ್ಲಿ ಹೋದೆ. ಅವಳನ್ನು ಮುಖತಃ ನೋಡಿದ್ದು ಅಂದೇ. ಕಡ್ಲೇಕಾಯಿ ಬೇಯಿಸಿ ಡಬ್ಬಿಯಲ್ಲಿ ತಂದಿದ್ದಳು. ಪ್ರೋಗ್ರಾಂ ಹಾಕಿ ಮುಗಿಯುವಷ್ಟರಲ್ಲಿ ಒಂದು ಲಾಟು ಪಾಸಾಯಿತು. ಲಾರಿ ಬಾಗಿಲಲ್ಲಿ ನಿಂತಿತ್ತು. ಹೊಸ ವ್ಯವಸ್ಥೆಯಲ್ಲಿ ಮೊದಲ ಬಿಡುಗಡೆ, ನಾನು ಕೂಡ ನೋಡಬೇಕೆಂದು ಕಾಯುತ್ತಿದ್ದೆ. ಅವಳು ಕೀಲಿಯ ಮೇಲೆ ಬೆರಳಿಟ್ಟು ತೆಗೆದಳು.

"ಒತ್ತವಾ," ಎಂದೆ.

"ತಡಿಯಕ್ಕ. ಇವತ್ತು ಶುಕ್ರವಾರ. ಹನ್ನೆರಡಾಗ್ಲಿ."

ನಾನು ಅವಳ ಮುಖ ನೋಡಿದೆ. "ನೀನೂನಾ?"

"ಹೊಸದಾಗಿ ಶುರು ಮಾಡ್ತಿರೋದಲ್ವೇನಕ್ಕ," ಎಂದಳು. "ಕಾದ್ರೆ ಏನ್ ಹೋಗುತ್ತೆ?"

ಲಾರಿಯವನು ಹೊರಗಿನಿಂದ ತೆಲುಗಿನಲ್ಲಿ ಏನೋ ಗೊಣಗಿದ. ಅವಳು ಅವನಿಗೂ ಒಂದು ಹಿಡಿ ಕಡ್ಲೇಕಾಯಿ ಕೊಟ್ಟು ಬಂದಳು. ನಾವಿಬ್ಬರೂ ಸಿಪ್ಪೆ ಸುಲಿಯುತ್ತಾ ಕೂತೆವು. ಹನ್ನೆರಡು ದಾಟಿದ ಮೇಲೆ ಒತ್ತಿದಳು. ಪರದೆಯ ಮೇಲೆ ಬಂದ ವೇಳೆಯನ್ನು ನನ್ನ ಕೈಗಡಿಯಾರದ ಪಕ್ಕ ಹಿಡಿದು ನೋಡಿದಳು, ಆಮೇಲೆ ಲಾರಿಯವನಿಗೆ ಕೈಯೆತ್ತಿ ಹೊರಡು ಎಂದು ತೋರಿಸಿದಳು.